ಮಾತಿನ ನೆಂಟಸ್ತಿಕೆ

ನಮ್ಮ ಅಮೃತೂರಿನ ಕಡೆ ಹೊಸಬರೊಬ್ಬರು ಬಂದು ಜಗಲಿಯ ಮೇಲೆ ಕುಳಿತರೆ, ಅವರ ಹೆಸರು ಕೇಳುವುದಕ್ಕೆ ಮೊದಲು ‘ಯಾವೂರಾಯಿತು? ಯಾರ ಕಡೆಯವರು?’ ಎಂದು ವಿಚಾರಿಸುವುದು ವಾಡಿಕೆ. ನನ್ನ ಅಜ್ಜಿಗೆ ಈ ವಿದ್ಯೆ ಕರತಲಾಮಲಕ. ಬಂದವರು ಹುಲಿಯೂರುದುರ್ಗದ ಕಡೆಯ ಯಾವುದಾದರೊಂದು ಮನೆಯ ಹೆಸರು ಹೇಳಿದರೆ ಸಾಕು. ಆಕೆ ಕಣ್ಣು ಅರೆಮುಚ್ಚಿ, ಬೆರಳು ಮಡಿಸುತ್ತ, ಆ ಮನೆಯ ಸೊಸೆ, ಸೊಸೆಯ ತವರು, ತವರಿನ ದೊಡ್ಡಪ್ಪ ಎಂದು ಒಂದೊಂದೇ ಮೆಟ್ಟಿಲು ಹತ್ತಿ ಇಳಿದು, ಕಡೆಗೆ ‘ಅಂಗಾದರೆ ನೀನು ನನಗೆ ತಮ್ಮನ ವರಸೆ’ ಎಂದು ತೀರ್ಪು ಕೊಡುತ್ತಾಳೆ. ಬೆರಳುಗಳು ಒಂದೇ ಕೈಯಲ್ಲಿ ಮುಗಿದರೆ ಹತ್ತಿರದ ನೆಂಟಸ್ತಿಕೆ. ಎರಡನೆಯ ಕೈ ಬೇಕಾದರೆ ದೂರದ್ದು. ಕಾಫಿ ಮಾತ್ರ ಇಬ್ಬರಿಗೂ ಉಂಟು.

ಮನುಷ್ಯರಿಗೆ ಹಾಕುವ ಈ ಲೆಕ್ಕವನ್ನು ಮಾತುಗಳಿಗೂ ಹಾಕಬಹುದು, ಹಾಕಿ ಅದರಿಂದ ಬದುಕಿಗೆ ಪ್ರಯೋಜನವನ್ನೂ ಪಡೆಯಬಹುದು ಎಂಬುದು ನನಗೆ ತಿಳಿದದ್ದು ಕಳೆದ ವರ್ಷ. ಅದೂ ಯಾವ ಪಾಠದಿಂದಲೂ ಅಲ್ಲ, ಮೂರು ತೆಂಗಿನ ಮರಗಳ ದೆಸೆಯಿಂದ. ಅಧ್ಯಾಪಕರು ಕ್ಷಮಿಸಬೇಕು.

ನಮ್ಮದು ಹೇಳಿಕೊಳ್ಳುವಂಥ ತೋಟವಲ್ಲ. ನಲವತ್ತು ಮರ, ನಡುವೆ ಒಂದಿಷ್ಟು ಬಾಳೆ. ಹಾಗಿದ್ದರೂ ನನ್ನ ಹಾಸ್ಟೆಲಿನ ಖರ್ಚು, ತಂಗಿಯ ಶಾಲೆಯ ಖರ್ಚು, ಮನೆಯ ಉಪ್ಪು ಮೆಣಸು ಎಲ್ಲವೂ ಆ ನಲವತ್ತು ಮರಗಳ ತಲೆಯಿಂದಲೇ ಇಳಿದು ಬರಬೇಕು. ಒಂದು ಶನಿವಾರ ನಾನು ಊರಿಗೆ ಹೋದಾಗ ಅಪ್ಪ ತೋಟದಿಂದ ಬಂದು, ಕೈಕಾಲು ತೊಳೆಯದೆಯೇ ಕಂಬಕ್ಕೆ ಒರಗಿ ಕುಳಿತರು.

‘ಮರ ಅಳ್ತಾ ಐತೆ ಕಣಪ್ಪ’ ಎಂದರು. ‘ಮೂರು ಮರ. ನಿನ್ನ ಮೊಬೈಲಿನಾಗೆ ಎಲ್ಲಾ ಐತೆ ಅಂತೀಯಲ್ಲ, ಇದಕ್ಕೇನು ಔಸ್ತಿ ಅಂತ ನೋಡು.’

ನಾನು ಬಹಳ ಉತ್ಸಾಹದಿಂದಲೇ ಹುಡುಕಿದೆ. ‘ಮರ ಅಳುವುದಕ್ಕೆ ಔಷಧ’ ಎಂದು ಬರೆದೆ. ಬಂದದ್ದೇನು? ಮೊದಲು ಎರಡು ಸಿನಿಮಾ ಹಾಡು; ಅವುಗಳ ಕೆಳಗೆ, ಎಳೆಯ ಮಗು ರಾತ್ರಿಯೆಲ್ಲ ಅತ್ತರೆ ತಾಯಿ ಏನು ಮಾಡಬೇಕೆಂಬ ಉಪದೇಶ. ‘ತೆಂಗಿನ ಮರದಲ್ಲಿ ನೀರು’ ಎಂದು ಬದಲಿಸಿದೆ. ಎಳನೀರು ಕುಡಿದರೆ ದೇಹಕ್ಕೆ ಆಗುವ ಹಿತಗಳನ್ನು ವಿವರಿಸಿ ಉದ್ದನೆಯ ಲೇಖನವೊಂದು ಬಂತು. ಅಪ್ಪ ಸುಮ್ಮನೆ ನೋಡುತ್ತಿದ್ದರು. ಮೂರನೆಯ ಸಲ ‘ತೆಂಗಿನ ಬುಡದಲ್ಲಿ ರಸ’ ಎಂದು ಬರೆದಾಗ ಒಂದು ರೋಗದ ಹೆಸರು ಸಿಕ್ಕಿತು: ಅಣಬೆ ರೋಗ. ಬೊಡ್ಡೆಯಿಂದ ಕಂದು ರಸ ಸೋರುತ್ತದೆ, ಬೇರು ಕೊಳೆಯುತ್ತದೆ, ಮಣ್ಣಿನ ಮೂಲಕ ಪಕ್ಕದ ಮರಕ್ಕೂ ಹಬ್ಬುತ್ತದೆ, ರೋಗ ಬಲಿತ ಮರ ಉಳಿಯುವುದಿಲ್ಲ, ಅಂಥ ಮರವನ್ನು ಬೇರುಸಹಿತ ತೆಗೆದು ಸುಟ್ಟು, ಸುತ್ತಲೂ ಕಾಲುವೆ ತೋಡಿ ಉಳಿದವನ್ನು ಕಾಪಾಡಿಕೊಳ್ಳಬೇಕು. ನಾನು ಇದನ್ನೆಲ್ಲ ಗಟ್ಟಿಯಾಗಿ ಓದಿದೆ. ಗಟ್ಟಿಯಾಗಿ ಓದಬಾರದಾಗಿತ್ತು. ಒಳಗಿದ್ದ ಅಜ್ಜಿ ಹೊರಗೆ ಬಂದು ನಿಂತಳು. ಆ ಮೂರರಲ್ಲಿ ಎರಡು, ಆಕೆ ಈ ಮನೆಗೆ ಸೊಸೆಯಾಗಿ ಬಂದ ವರ್ಷ ನನ್ನ ತಾತ ನೆಟ್ಟ ಮರಗಳು.

ರಾತ್ರಿ ಊಟ ಸೇರಲಿಲ್ಲ. ಬುಧವಾರ ಮರ ಕೆಡವುವವರನ್ನು ಕರೆಸುವುದೆಂದು ಅಪ್ಪ ನಿಶ್ಚಯಿಸಿದರು.

ಸೋಮವಾರ ಕಾಲೇಜಿಗೆ ಬಂದವನು ಮನಸ್ಸು ತಡೆಯದೆ ಗ್ರಂಥಾಲಯಕ್ಕೆ ಹೋದೆ. ನಮ್ಮ ಗ್ರಂಥಾಲಯದಲ್ಲಿ ಚರಿತ್ರೆ, ಸಾಹಿತ್ಯಗಳಿಗೆ ಗೋಡೆಗಟ್ಟಲೆ ಜಾಗವಿದೆ. ಕೃಷಿಗೆ ಒಂದು ಮೂಲೆಯ ಕಪಾಟಿನಲ್ಲಿ ಎರಡು ಹಲಗೆ. ಅಣಬೆ ರೋಗದ ವಿಷಯವಿರುವ ಪುಸ್ತಕವನ್ನು ಹುಡುಕಿ ತೆಗೆಯುವಾಗ, ಅದಕ್ಕೆ ಅಂಟಿಕೊಂಡಂತೆ ನಿಂತಿದ್ದ ತೆಳ್ಳನೆಯ ಕಿರುಹೊತ್ತಿಗೆಯೊಂದು ಕೆಳಗೆ ಬಿತ್ತು. ಎತ್ತಿ ಇಡುವ ಮೊದಲು ಬಿಡಿಸಿ ನೋಡಿದೆ. ಒಂದು ಪುಟದಲ್ಲಿ ನಮ್ಮ ಮರದ ಚಿತ್ರವೇ ಇತ್ತು! ಕಾಂಡದಲ್ಲಿ ಉದ್ದನೆಯ ಬಿರುಕು. ಅದರಿಂದ ಇಳಿದ ಕೆಂಗಂದು ರಸ, ಒಣಗಿ ಕಪ್ಪಾದ ಕಣ್ಣೀರಿನ ಗೆರೆಯಂತೆ. ಕೆಳಗೆ ಹೆಸರು: ಕಾಂಡ ಸೋರುವ ರೋಗ.

ಅಣಬೆ ರೋಗಕ್ಕೂ ಇದಕ್ಕೂ ನೋಟದಲ್ಲಿ ಹೋಲಿಕೆಯುಂಟು, ಹಣೆಬರಹದಲ್ಲಿ ಇಲ್ಲ. ಅಣಬೆ ರೋಗದಲ್ಲಿ ಸೋರಿಕೆ ಬುಡದಿಂದ ಆರಂಭವಾಗಿ ಮೇಲಕ್ಕೆ ಏರುತ್ತದೆ, ಬೇರುಗಳು ಕೊಳೆತಿರುತ್ತವೆ, ಕೆಳಗಿನ ಗರಿಗಳು ಹಳದಿಯಾಗಿ ಜೋಲುತ್ತವೆ, ಎಷ್ಟೋ ಸಲ ಬುಡದಲ್ಲಿ ಅಣಬೆಯೇ ಮೂಡುತ್ತದೆ. ಕಾಂಡ ಸೋರುವ ರೋಗವಾದರೆ ಮರವನ್ನು ಉಳಿಸಿಕೊಳ್ಳಬಹುದು. ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು, ಆ ಚಕ್ಕೆಗಳನ್ನು ತೋಟದಲ್ಲಿ ಬಿಡದೆ ಸುಟ್ಟು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಬುಡಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದೊಡನೆ ಕೊಡಬೇಕು. ಬೇಸಿಗೆಯಲ್ಲಿ ನೀರು ತಪ್ಪಿಸಬಾರದು. ನಾನು ಮೆಟ್ಟಿಲ ಮೇಲೆ ನಿಂತೇ ಅಪ್ಪನಿಗೆ ಫೋನು ಮಾಡಿದೆ. ‘ಬುಡ ನೋಡಿ, ಅಣಬೆ ಇದೆಯೇ? ಗರಿ ನೋಡಿ, ಹಳದಿಯಾಗಿದೆಯೇ? ಸೋರುತ್ತಿರುವುದು ಎಷ್ಟು ಎತ್ತರದಲ್ಲಿ?’ ಅಪ್ಪ ತೋಟಕ್ಕೆ ಓಡಿ, ಏದುಸಿರು ಬಿಡುತ್ತ ಉತ್ತರಿಸಿದರು: ಅಣಬೆ ಇಲ್ಲ, ಗರಿ ಹಸುರಾಗಿಯೇ ಇದೆ, ಸೋರುತ್ತಿರುವುದು ಎದೆಮಟ್ಟದಲ್ಲಿ. ಮರುದಿನ ತೋಟಗಾರಿಕೆಯವರೊಬ್ಬರು ಬಂದು ನೋಡಿ ಹೌದೆಂದರು. ಬುಧವಾರ ಕೊಡಲಿಯ ಬದಲು ಉಳಿ ಬಂತು.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತು. ಲೋಕದ ಪುಸ್ತಕವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರಕ್ಕೆ ಸಿಕ್ಕದ ಉತ್ತರ, ಎರಡು ಹಲಗೆಯ ಕಪಾಟಿಗೆ ಹೇಗೆ ಸಿಕ್ಕಿತು? ಅಧ್ಯಾಪಕರೊಬ್ಬರನ್ನು ಕೇಳಿದಾಗ ಅವರು ನಕ್ಕು, ‘ಆ ಪುಸ್ತಕ ಅಲ್ಲಿ ತಾನಾಗಿ ನಿಂತಿರಲಿಲ್ಲವಯ್ಯಾ, ಯಾರೋ ಯೋಚಿಸಿ ನಿಲ್ಲಿಸಿದ್ದರು. ರಂಗನಾಥನ್ ಅವರನ್ನು ಓದು’ ಎಂದರು.

ಓದಿದೆ. ಶಿಯಾಳಿ ರಾಮಾಮೃತ ರಂಗನಾಥನ್ 1892ರಲ್ಲಿ ಹುಟ್ಟಿದವರು. ಗಣಿತದ ಅಧ್ಯಾಪಕರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದು. 1933ರಲ್ಲಿ ಅವರ ದ್ವಿಬಿಂದು ವರ್ಗೀಕರಣ ಪದ್ಧತಿ ಹೊರಬಂತು. ಕಡೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಒಂದು ವಿಚಾರ ನನಗೆ ಬಹಳ ಹಿಡಿಸಿತು. ಓದುಗ ಕಪಾಟಿನ ಮುಂದೆ ನಿಂತಾಗ ಅವನಿಗೆ ಬೇಕಾದ ವಿಷಯ ನಡುವೆ ಇರಬೇಕು. ಎಡಬಲಗಳಲ್ಲಿ ಅದರ ಸಮೀಪದ ವಿಷಯಗಳು, ದೀಪದ ಸುತ್ತಣ ಅರೆನೆರಳಿನಂತೆ. ಇನ್ನೂ ಆಚೆಗೆ ಹೋದರೆ ಪರಕೀಯವಾದವು. ನಮ್ಮ ಕಪಾಟನ್ನು ಜೋಡಿಸಿರುವುದು ಅಮೆರಿಕದ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ಪದ್ಧತಿಯ ಮೇಲೆ. ಆದರೂ ನನಗೆ ಆದದ್ದು ಇದೇ ಅನುಭವ. ಯಂತ್ರ ನನ್ನನ್ನು ತಪ್ಪು ಮನೆಯ ಒಳಗೇ ಕೂರಿಸಿ ಬಾಗಿಲು ಹಾಕಿಕೊಂಡಿತು. ಕಪಾಟು ಅದೇ ಮನೆಯ ಮುಂದೆ ನಿಲ್ಲಿಸಿ, ‘ಪಕ್ಕದ ಮನೆಯನ್ನೂ ವಿಚಾರಿಸು’ ಎಂದಿತು.

ಅರ್ಥದ ಪ್ರಕಾರ ಮಾತುಗಳನ್ನು ಅಕ್ಕಪಕ್ಕ ಕೂರಿಸುವುದು ನಮ್ಮವರಿಗೆ ಹೊಸದಲ್ಲ. ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಲ್ಲಾಗಲಿ, ತೆಂಗಿನ ನೆರೆಯವನು ತೆಂಕಣ ದಿಕ್ಕು. ಅಕ್ಷರದ ನ್ಯಾಯ ಅದು, ತಪ್ಪೇನಿಲ್ಲ. ಆದರೆ ಹಿಂದಿನವರು ಬಾಯಿಪಾಠ ಮಾಡುತ್ತಿದ್ದ ಅಮರಕೋಶದಲ್ಲಿ ಮಾತುಗಳು ವರ್ಗವರ್ಗವಾಗಿ ಬರುತ್ತವೆ. ವನೌಷಧಿ ವರ್ಗದ ಕೊನೆಯಲ್ಲಿ ತೆಂಗು, ಅಡಿಕೆ, ಖರ್ಜೂರ, ತಾಳೆಗಳನ್ನು ಒಟ್ಟಿಗೆ ಕೂರಿಸಿ, ಅವಕ್ಕೆಲ್ಲ ತೃಣದ್ರುಮ ಎಂಬ ಹೆಸರು ಕೊಟ್ಟಿದೆ. ಎಂದರೆ ಹುಲ್ಲುಮರ!

ನಾನು ನಗಬೇಕೆಂದಿದ್ದೆ. ಸಸ್ಯಶಾಸ್ತ್ರ ಓದುತ್ತಿದ್ದ ಗೆಳೆಯನ ಅಕ್ಕ ನಗಲು ಬಿಡಲಿಲ್ಲ. ತೆಂಗು ಬೇವಿನ ಹಾಗೆ ನಿಂತಿದ್ದರೂ ಅದರ ಕುಲ ಏಕದಳದ್ದು. ನೆಂಟಸ್ತಿಕೆಯಲ್ಲಿ ಅದು ಬೇವಿಗಿಂತ ರಾಗಿಗೆ ಹತ್ತಿರ. ಬೇವಿನ ಕಾಂಡಕ್ಕೆ ಪೆಟ್ಟಾದರೆ ತೊಗಟೆಯ ಒಳಗಿನ ಜೀವಪದರ ಬೆಳೆದು ಗಾಯವನ್ನು ಮುಚ್ಚುತ್ತದೆ. ತೆಂಗಿನ ಕಾಂಡದಲ್ಲಿ ಆ ಪದರವೇ ಇಲ್ಲ, ಗಾಯ ಮುಚ್ಚಿಕೊಳ್ಳುವುದಿಲ್ಲ. ಅದಕ್ಕೇ ಮುಲಾಮು ಬೇಕು. ‘ಬೇವಿನ ಮರಕ್ಕೆ ಮಚ್ಚು ಬಿದ್ದರೆ ತಾನೇ ವಾಸಿಯಾಗ್ತದೆ, ಇದೂ ಆಯ್ತದೆ’ ಎಂದು ಅಪ್ಪ ಎರಡು ತಿಂಗಳು ಸುಮ್ಮನಿದ್ದದ್ದು ಎಲ್ಲಿ ತಪ್ಪಾಯಿತೆಂದು ಆಗ ಹೊಳೆಯಿತು. ಯಾವುದು ಯಾವುದಕ್ಕೆ ಹತ್ತಿರ ಎಂಬ ಲೆಕ್ಕ ತಪ್ಪಿದರೆ ಮರವೇ ಹೋದೀತು.

ಹಾಗಾದರೆ ಈ ಹತ್ತಿರವನ್ನು ಅಳೆಯುವುದು ಹೇಗೆ? ಪಂಡಿತರು ಮಾಡಿದ್ದು ಬಹುಮಟ್ಟಿಗೆ ಅಜ್ಜಿಯ ಬೆರಳು ಮಡಿಸುವ ಕೆಲಸವನ್ನೇ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ವರ್ಡ್‌ನೆಟ್ ಎಂಬ ಪದಜಾಲವನ್ನು ಆರಂಭಿಸಿದರು. ಇದರಲ್ಲಿ ನಾಮಪದಗಳು ವಂಶವೃಕ್ಷದಂತೆ ನಿಲ್ಲುತ್ತವೆ: ತೆಂಗಿನ ಮೇಲೆ ತಾಳೆಯ ಕುಲ, ಅದರ ಮೇಲೆ ಮರ, ಅದರ ಮೇಲೆ ಸಸ್ಯ. ಮುಂಬಯಿಯ ಐ.ಐ.ಟಿ. ಮುಂದಾಗಿ ಭಾರತದ ಭಾಷೆಗಳಿಗೆ ಕಟ್ಟಿಸಿದ ಜಾಲದಲ್ಲಿ ಕನ್ನಡವೂ ಉಂಟು. 1989ರಲ್ಲಿ ರಾಡ ಮೊದಲಾದವರು ವೈದ್ಯಗ್ರಂಥಗಳ ವಿಷಯಸೂಚಿಯ ಮೇಲೆ ಈ ಲೆಕ್ಕ ಹಾಕಿ ತೋರಿಸಿದರು: ಒಂದು ವಿಷಯದಿಂದ ಇನ್ನೊಂದಕ್ಕೆ ಎಷ್ಟು ಮೆಟ್ಟಿಲು ಎಂದು ಎಣಿಸಿ, ಮೆಟ್ಟಿಲು ಕಡಿಮೆಯಾದ ಬರೆಹವನ್ನು ಮೊದಲು ತೋರಿಸುವುದು. ಕೇಳಿದ ಪದವೇ ಬರೆಹದಲ್ಲಿ ಇಲ್ಲದಿದ್ದರೂ ಅದರ ನೆಂಟನಿದ್ದರೆ ಸಾಕು, ಬರೆಹ ಸಿಕ್ಕುತ್ತದೆ.

ಆದರೆ ಎಲ್ಲ ಮೆಟ್ಟಿಲೂ ಒಂದೇ ಎತ್ತರವೆ? ಇದಕ್ಕೆ 1995ರಲ್ಲಿ ರೆಸ್ನಿಕ್ ಎಂಬುವರು ಹೇಳಿದ ಉಪಾಯವನ್ನು ಕುಣಿಗಲಿನವರು ಬೇಗ ಅರ್ಥಮಾಡಿಕೊಳ್ಳುತ್ತೇವೆ. ಬೆಂಗಳೂರಿನ ಬಸ್ಸಿನಲ್ಲಿ ಅಪರಿಚಿತನೊಬ್ಬ ‘ನಾನೂ ಕರ್ನಾಟಕದವನು’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ‘ತುಮಕೂರು ಜಿಲ್ಲೆ’ ಎಂದರೆ ಒಂದು ನಗೆ. ‘ಕುಣಿಗಲ್ ತಾಲ್ಲೂಕು’ ಎಂದರೆ ಸೀಟಿನಲ್ಲಿ ಜಾಗ. ‘ಅಮೃತೂರು ಹೋಬಳಿ’ ಎಂದುಬಿಟ್ಟರೆ ಅವನ ಟಿಕೀಟನ್ನೂ ನಾವೇ ತೆಗೆಯುತ್ತೇವೆ! ಇಬ್ಬರಿಗೂ ಸಮಾನವಾದ ಹೆಸರು ಎಷ್ಟು ಅಪರೂಪದ್ದೋ ಅಷ್ಟು ಹತ್ತಿರದ ನೆಂಟಸ್ತಿಕೆ. ಎಲ್ಲರಿಗೂ ಸಲ್ಲುವ ಹೆಸರಿನಿಂದ ಏನೂ ತಿಳಿದಂತಾಗುವುದಿಲ್ಲ. ತೆಂಗೂ ಎಮ್ಮೆಯೂ ‘ಜೀವಿಗಳು’ ಎಂದರೆ ಅದು ಮಾತಿಗೆ ಮಾತು. ತೆಂಗೂ ಅಡಿಕೆಯೂ ‘ತೃಣದ್ರುಮಗಳು’ ಎಂದರೆ ಅದು ವಿಷಯ.

ಯಂತ್ರ ಹಾಕಿದ ಲೆಕ್ಕ ಸರಿಯೋ ತಪ್ಪೋ ಎಂದು ನೋಡುವುದಕ್ಕೆ ಒರೆಗಲ್ಲು ಬೇಕಷ್ಟೆ. ಆ ಒರೆಗಲ್ಲು ಯಾರು ಬಲ್ಲಿರಾ? ನಮ್ಮಂಥ ಕಾಲೇಜು ಹುಡುಗರು! 1965ರಲ್ಲಿ ರೂಬೆನ್‌ಸ್ಟೈನ್ ಮತ್ತು ಗುಡೆನಫ್ ಎಂಬಿಬ್ಬರು 51 ಮಂದಿ ವಿದ್ಯಾರ್ಥಿಗಳ ಮುಂದೆ 65 ಜೋಡಿ ಇಂಗ್ಲಿಷ್ ಪದಗಳನ್ನಿಟ್ಟು, ಪ್ರತಿಯೊಂದು ಜೋಡಿಗೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಲು ಹೇಳಿದರು. ನಡುಹಗಲು, ಮಧ್ಯಾಹ್ನ ಎಂಬರ್ಥದ ಜೋಡಿಗೆ ಸರಾಸರಿ 3.94 ಬಂತು; ಹುರಿ, ಮುಗುಳುನಗೆ ಎಂಬರ್ಥದ ಜೋಡಿಗೆ 0.02. 1991ರಲ್ಲಿ ಮಿಲ್ಲರ್ ಮತ್ತು ಚಾರ್ಲ್ಸ್ ಅವುಗಳಲ್ಲಿ 30 ಜೋಡಿಗಳನ್ನು ಆರಿಸಿ ಬೇರೆ ವಿದ್ಯಾರ್ಥಿಗಳನ್ನು ಕೇಳಿದರೆ ಬಹುಮಟ್ಟಿಗೆ ಅವೇ ಉತ್ತರಗಳು ಬಂದವು. ಅಂದಿನಿಂದ ಎಷ್ಟೋ ಯಂತ್ರಗಳ ಜಾಣತನವನ್ನು ಆ ಹುಡುಗರ ಅಂಕಗಳ ಮೇಲೆಯೇ ಉಜ್ಜಿ ನೋಡಿದ್ದಾರೆ.

ನಾನೂ ಹಾಸ್ಟೆಲಿನಲ್ಲಿ ಈ ಆಟ ಹೂಡಿದೆ. ಊಟದ ಸಾಲಿನಲ್ಲಿ ನಿಂತ ಹತ್ತು ಮಂದಿ ಗೆಳೆಯರಿಗೆ ಚೀಟಿ ಹಂಚಿದೆ. ಮೊದಲ ಜಗಳ ‘ನೇಗಿಲು–ಎತ್ತು’ ಜೋಡಿಯ ಮೇಲೆ. ‘ನಾಲ್ಕು ಅಂಕ, ಒಂದನ್ನು ಬಿಟ್ಟು ಒಂದಿಲ್ಲ’ ಎಂದ ಒಬ್ಬ. ‘ಸೊನ್ನೆ. ನೇಗಿಲಿಗೆ ಬಾಲವಿದೆಯೇನೋ?’ ಎಂದ ಇನ್ನೊಬ್ಬ. ಇಬ್ಬರದೂ ಸರಿ. ಒಟ್ಟಿಗೆ ಬಾಳುವುದು ಬೇರೆ, ಒಂದರಂತೆ ಒಂದು ಇರುವುದು ಬೇರೆ. ನೇಗಿಲಿಗೂ ಎತ್ತಿಗೂ ಇರುವುದು ಒಡನಾಟ. ನೇಗಿಲಿಗೂ ಕುಂಟೆಗೂ ಇರುವುದು ಹೋಲಿಕೆ. ಹುಡುಕುವವನಿಗೆ ಕೆಲವು ಸಲ ಅದು ಬೇಕು, ಕೆಲವು ಸಲ ಇದು. ‘ತೆಂಗು–ಬೇವು’ ಜೋಡಿಗೆ ಎಲ್ಲರೂ ಧಾರಾಳವಾಗಿ ಅಂಕ ಕೊಟ್ಟರು. ‘ತೆಂಗು–ರಾಗಿ’ಗೆ ಹತ್ತೂ ಸೊನ್ನೆ. ಅಮರಸಿಂಹನು ನಮ್ಮ ಹಾಸ್ಟೆಲಿನಲ್ಲಿದ್ದರೆ ಅವನಿಗೆ ಊಟವೇ ಸಿಕ್ಕುತ್ತಿರಲಿಲ್ಲ. ಕಡೆಯ ಜೋಡಿ ನಾನು ಬೇಕೆಂದೇ ಸೇರಿಸಿದ್ದು: ‘ಅಳು–ಸೋರು’. ಏಳು ಸೊನ್ನೆ, ಮೂರು ಒಂದು.

ವಂಶವೃಕ್ಷ ಕಟ್ಟುವುದಕ್ಕೆ ಪಂಡಿತರು ಬೇಕು, ಕಾಲ ಬೇಕು. ಅದಕ್ಕೆ ಬೇರೊಂದು ದಾರಿಯುಂಟು. ಮಾತಿನ ಗುಣವನ್ನು ಅದರ ಸಹವಾಸದಿಂದ ತಿಳಿಯಬೇಕೆಂದು ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಫರ್ತ್ 1957ರಲ್ಲಿ ಬರೆದರು. ನಮ್ಮ ಹಿರಿಯರು ಮಕ್ಕಳ ವಿಷಯದಲ್ಲಿ ಹೇಳುವುದೂ ಇದನ್ನೇ. ಕೋಟಿಗಟ್ಟಲೆ ವಾಕ್ಯಗಳನ್ನು ಓದಿಸಿ, ಯಾವ ಮಾತಿನ ಅಕ್ಕಪಕ್ಕ ಯಾವ ಮಾತು ಬರುತ್ತದೆಂದು ಗಮನಿಸಿ, ಪ್ರತಿ ಮಾತಿಗೂ ಅಂಕಿಗಳ ಒಂದು ಸಾಲನ್ನು ಕೊಡುವ ವಿಧಾನಗಳು 2013ರಿಂದೀಚೆಗೆ ಬಹಳ ಬಳಕೆಗೆ ಬಂದಿವೆ. ಸಾಲುಗಳು ಸಮೀಪವಾದರೆ ಅರ್ಥಗಳೂ ಸಮೀಪ. ಇದರಲ್ಲಿ ಸೊಗಸೂ ಇದೆ, ಮೋಸವೂ ಇದೆ. ತಿಪಟೂರಿನ ಮಾರುಕಟ್ಟೆಯ ಸುದ್ದಿಯಲ್ಲಿ ‘ಕೊಬ್ಬರಿ ಬೆಲೆ ಏರಿತು’, ‘ಕೊಬ್ಬರಿ ಬೆಲೆ ಇಳಿಯಿತು’ ಎಂಬ ಎರಡೂ ಬರುತ್ತವೆ. ಏರಿಕೆ ಇಳಿಕೆಗಳ ಸಹವಾಸ ಒಂದೇ ಆದ್ದರಿಂದ, ಸಹವಾಸವನ್ನಷ್ಟೇ ನೋಡುವ ಯಂತ್ರಕ್ಕೆ ಅವು ಅಣ್ಣತಮ್ಮಂದಿರಂತೆ ಕಾಣುತ್ತವೆ. ಬೆಳೆಗಾರನ ಮನೆಯಲ್ಲಿ ಕೇಳಿದರೆ ಅವೆರಡಕ್ಕೂ ಎಷ್ಟು ದೂರವೆಂದು ತಿಳಿಯುತ್ತದೆ. ಕನ್ನಡದ ವಿಭಕ್ತಿಗಳ ತೊಡಕು ಬೇರೆ: ತೆಂಗು, ತೆಂಗಿನ, ತೆಂಗಿಗೆ ಇವು ಮೂರು ಒಂದೇ ಎಂದು ಯಂತ್ರಕ್ಕೆ ಕಲಿಸಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಮತ್ತೊಂದು. ಸಹವಾಸ ನೋಡಬೇಕಾದರೆ ಮಾತು ಮೊದಲು ಅಚ್ಚಿನಲ್ಲಿ ಬಂದಿರಬೇಕು. ಕಾಂಡ ಸೋರುವ ರೋಗದ ವಿಷಯ ಬರೆದವರು ಓದಿದವರು. ಅವರು ‘ಮರ ಅಳುತ್ತದೆ’ ಎಂದು ಬರೆಯಲಿಲ್ಲ. ‘ಮರ ಅಳುತ್ತದೆ’ ಎನ್ನುವವರು ತೋಟದಲ್ಲಿರುವವರು. ಅವರು ಏನನ್ನೂ ಬರೆಯಲಿಲ್ಲ. ಈ ಎರಡು ಮಾತುಗಳು ಒಂದೇ ಪುಟದಲ್ಲಿ ಎಂದಾದರೂ ಮುಖಾಮುಖಿಯಾಗಿದ್ದರೆ ತಾನೆ ಯಂತ್ರಕ್ಕೆ ಅವುಗಳ ನೆಂಟಸ್ತಿಕೆ ತಿಳಿಯುವುದು? ನಾನು ಅಂದು ಹಲ್ಲು ಕಚ್ಚಿ ಬೈದುಕೊಂಡ ಮೊಬೈಲಿನ ತಪ್ಪು ಅರ್ಧ ಮಾತ್ರ. ಉಳಿದರ್ಧ ಓದುಬರೆಹ ಬಲ್ಲ ನಮ್ಮದು.

ದಸರೆಯ ರಜೆಗೆ ಹೋದಾಗ ಚೀಟಿಗಳನ್ನು ಅಜ್ಜಿಯ ಮುಂದೆ ಓದಿದೆ. ‘ತೆಂಗು–ರಾಗಿ’ಗೆ ಆಕೆ ಸ್ವಲ್ಪ ಯೋಚಿಸಿ, ‘ಎರಡರ ಎಲೆಗೂ ಗೆರೆ ಉದ್ದಕ್ಕೇ ಓಡ್ತವೆ. ಒಂದು ಅಂಕ ಕೊಡು’ ಎಂದಳು. ಹತ್ತು ಮಂದಿ ಪದವಿ ವಿದ್ಯಾರ್ಥಿಗಳಿಗೆ ಕಾಣದ ಗೆರೆ! ಕಡೆಗೆ ‘ಅಳು–ಸೋರು’ ಎಂದೆ. ಹಾಸ್ಟೆಲಿನವರು ಸೊನ್ನೆ ಕೊಟ್ಟರೆಂದೂ ಹೇಳಿದೆ. ಅಜ್ಜಿಗೆ ಸಿಟ್ಟೇ ಬಂತು.

‘ಮನುಷ್ಯರ ಕಣ್ಣು ಸೋರಿದರೆ ಅಳು ಅಂತೀರ. ಮರದ ಮೈ ಸೋರಿದರೆ ಅದಕ್ಕೆ ಬೇರೆ ಹೆಸರು ಯಾಕ್ಲಾ? ನಾಲ್ಕಕ್ಕೆ ನಾಲ್ಕೂ ಕೊಡು.’

ಕೊಟ್ಟೆ.

ಮೂರು ಮರಗಳಲ್ಲಿ ಒಂದು ಉಳಿಯಲಿಲ್ಲ. ಎರಡು ತಿಂಗಳ ತಡ ಅದಕ್ಕೆ ಮುಳುವಾಯಿತು. ತಾತ ನೆಟ್ಟ ಎರಡರಲ್ಲಿ ಅದು ಒಂದು. ಉಳಿದ ಎರಡರ ಗಾಯ ಕಪ್ಪಗೆ ಒಣಗಿದೆ, ತಲೆಯಲ್ಲಿ ಹೊಸ ಹೊಂಬಾಳೆ ಒಡೆದಿದೆ. ಅಜ್ಜಿ ಸಂಜೆ ಹೊತ್ತು ಹೋಗಿ ಆ ಗಾಯದ ಮೇಲೆ ಕೈಯಾಡಿಸಿ ನೋಡುತ್ತಾಳೆ, ಒದ್ದೆಯಿದೆಯೇ ಎಂದು.

ಸಂಪಾದಕರು ‘ಏನಾದರೂ ಬರೆದುಕೊಡು’ ಎಂದಾಗ ನಾನು ಕವಿತೆ ಕೊಡಬೇಕೆಂದಿದ್ದೆ. ಇದನ್ನು ಕೊಟ್ಟಿದ್ದೇನೆ. ಮರ ಅಳುವುದು ಎಂದರೆ ತೆಂಗಿನ ಕಾಂಡ ಸೋರುವ ರೋಗ ಎಂದು ಇನ್ನು ಮುಂದೆ ಒಂದು ಪುಟದಲ್ಲಾದರೂ ಅಚ್ಚಾಗಿರುತ್ತದೆ. ನಿಮ್ಮ ನಿಮ್ಮ ಊರುಗಳಲ್ಲಿಯೂ ಇಂಥ ಮಾತುಗಳು ಇದ್ದೇ ಇರುತ್ತವೆ. ಮುಂದಿನ ವರ್ಷದ ಸಂಚಿಕೆಗೆ ಅವನ್ನು ಬರೆದುಕೊಡಿ.